ಕೆಟ್ಟದ್ದು ಸೆನ್ಸರ್, ನಿಂತದ್ದು ಗಾಡಿ

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳ ಲಾರಿ ಮಾಲಕರ ಸಮಾವೇಶದ ಅಧ್ಯಕ್ಷ ಭಾಷಣ)



ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕುಳಿತವರು ಸಂಘ ಕಟ್ಟಿದರು, ಲೋಡಿಂಗ್ ಪಾಳಿ ಗೊತ್ತು ಮಾಡಿದರು. ಅವರಿಗೆಲ್ಲ ನಮಸ್ಕಾರ.

ಡೀಸೆಲ್ ದರದ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಲಾರಿಗಳು ನಿಂತವು, ಮತ್ತೆ ಹೊರಟವು. ಗಡಿ ಚೆಕ್‌ಪೋಸ್ಟ್ ತೆಗೆಯಿರಿ ಎನ್ನುವುದೂ ಆ ಮುಷ್ಕರದ ಬೇಡಿಕೆಯಾಗಿತ್ತು. ಧೂಳಖೇಡ ಚೆಕ್‌ಪೋಸ್ಟಿನ ದಾರಿ ಹಿಡಿಯುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆ ವಿಷಯಕ್ಕೆ ಬೇರೆ ಗೊತ್ತುವಳಿ ಇದೆ. ಆ ಸೆಪ್ಟೆಂಬರ್‌ನಲ್ಲಿ ಲಾರಿ ಮತ್ತು ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದಕ್ಕೆ ಕೇಂದ್ರಕ್ಕೆ ಒಂದು ಧನ್ಯವಾದವೂ ಇರಲಿ.

ಇನ್ನು ನನ್ನ ಹೊಟ್ಟೆಯಲ್ಲಿ ವರ್ಷಗಟ್ಟಲೆ ಉರಿಯುತ್ತಿರುವ ಮಾತು.

2020ರ ಏಪ್ರಿಲ್ 1ರಿಂದ ಮಾರಾಟವಾದ ಲಾರಿಗಳೆಲ್ಲ ಬಿಎಸ್-6. ದೊಡ್ಡ ಡೀಸೆಲ್ ಎಂಜಿನ್ ಬಿಡುವ ನೈಟ್ರೋಜನ್ ಆಕ್ಸೈಡ್‌ಗೆ ಬಿಎಸ್-4ರಲ್ಲಿ ಕಿಲೊವ್ಯಾಟ್-ಗಂಟೆಗೆ 3.5 ಗ್ರಾಂ ಮಿತಿ ಇತ್ತು, ಈಗ 0.4 ಗ್ರಾಂ. ಹೆಚ್ಚುಕಡಿಮೆ ಒಂಬತ್ತನೇ ಒಂದು ಪಾಲು. ಈ ಕಾನೂನು ತಪ್ಪೆಂದು ನಾನು ಹೇಳುವವನಲ್ಲ. ಹೆದ್ದಾರಿ 50 ಮತ್ತು 52ರ ಢಾಬಾಗಳ ಮುಂದೆ ರಾತ್ರಿ ಮಲಗಿ ಆ ಗಾಳಿ ಕುಡಿಯುವವರು ನಮ್ಮ ಚಾಲಕರೇ. ನನ್ನ ಜಗಳ ಇರುವುದು ಆ ಮಿತಿಯನ್ನು ಕಾಯಲು ಗಾಡಿಯಲ್ಲಿ ಕೂರಿಸಿದ ಸಾಮಾನುಗಳನ್ನು ಯಾರು ರಿಪೇರಿ ಮಾಡಬೇಕು, ಎಲ್ಲಿ ಮಾಡಬೇಕು, ಯಾರ ಖರ್ಚಿನಲ್ಲಿ ಮಾಡಬೇಕು ಎಂಬುದರ ಮೇಲೆ.

ಹಳಬರಿಗೆ ಸೈಲೆನ್ಸರ್ ಎಂದರೆ ಒಂದು ಡಬ್ಬಿ. ಈಗ ಅದರೊಳಗೆ ಒಂದು ಕಾರ್ಖಾನೆಯೇ ಇದೆ. ಡಿಪಿಎಫ್ ಎಂಬ ಜಾಲರಿ ಮಸಿಯನ್ನು ಹಿಡಿದಿಟ್ಟುಕೊಂಡು, ಹೊಗೆ ಕಾದಾಗ ಸುಟ್ಟುಹಾಕುತ್ತದೆ. ಅಲ್ಲಿಂದ ಮುಂದೆ ಯೂರಿಯಾ ದ್ರಾವಣ ಚಿಮ್ಮಿ, ಬಿಸಿಗೆ ಅಮೋನಿಯಾ ಆಗಿ, ವಿಷದ ಆಕ್ಸೈಡನ್ನು ಸಾದಾ ನೈಟ್ರೋಜನ್ ಮತ್ತು ನೀರಾಗಿ ಒಡೆಯುತ್ತದೆ. ಕೆಲಸ ಸರಿಯಾಗುತ್ತಿದೆಯೋ ಇಲ್ಲವೋ ಎಂದು ನೋಡಲು ಆ ಆಕ್ಸೈಡನ್ನು ಅಳೆಯುವ ನಾಕ್ಸ್ ಸೆನ್ಸರ್ ಮುಂದೊಂದು ಹಿಂದೊಂದು. ಈ ಸೆನ್ಸರಿನ ಒಳಗಿರುವುದು ಕಾದ ಸೆರಾಮಿಕ್ ಬಿಲ್ಲೆ. ಅದರ ಮೇಲೆ ನೀರ ಹನಿ ಬಿದ್ದರೆ ಸಾಕು, ಸೀಳುತ್ತದೆ.

ಈ ಏರ್ಪಾಡಿಗೆ ಬೇಕಾದದ್ದು ಉದ್ದ ಓಟ, ಬಿಸಿ ಹೊಗೆ. ನಮ್ಮ ಕಬ್ಬಿನ ಹಂಗಾಮು ಎಂಥದು? ಹೊಲದಿಂದ ಕಾರ್ಖಾನೆಗೆ ಹದಿನೈದಿಪ್ಪತ್ತು ಕಿಲೋಮೀಟರ್, ಆಮೇಲೆ ಕಾರ್ಖಾನೆ ಅಂಗಳದ ಪಾಳಿಯಲ್ಲಿ ಹಗಲು ರಾತ್ರಿ ನಿಂತು ತೆವಳುವುದು. ಹೊಗೆ ಕಾಯುವುದೇ ಇಲ್ಲ. ಜಾಲರಿ ಕಟ್ಟುತ್ತದೆ, ಯೂರಿಯಾ ಕೊಳವೆಯೊಳಗೇ ಬಿಳಿ ಹರಳಾಗಿ ಕೂರುತ್ತದೆ. ಅದೇ ಪಾಳಿಯಲ್ಲಿ ನಮ್ಮ ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡು, ಡೆಕ್ ಹಚ್ಚಿಕೊಂಡು ನಿಂತಿರುವ ಟ್ರ್ಯಾಕ್ಟರ್‌ಗೆ ಇದ್ಯಾವುದರ ಕಾಟವೂ ಇಲ್ಲ. ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಲ್ಲಿ ಬಂದ ಹೊಸ ಮಿತಿ 50 ಅಶ್ವಶಕ್ತಿ ಮೀರಿದವಕ್ಕೆ ಮಾತ್ರ. ಕಬ್ಬಿನ ಬಾಡಿಗೆಯನ್ನು ಟ್ರ್ಯಾಕ್ಟರಿನವರು ಕಸಿದದ್ದು ಹೇಗೆ ಎಂದು ನಾನು ಹಿಂದೊಮ್ಮೆ ಕೇಳಿದ್ದಕ್ಕೆ ರೈತ ವಿರೋಧಿ ಎಂದು ಕರೆಸಿಕೊಂಡೆ. ಇವತ್ತೂ ಅದನ್ನೇ ಕೇಳುತ್ತೇನೆ, ಏನಾದರೂ ಕರೆಯಲಿ.

ಸೆನ್ಸರ್ ಕೆಟ್ಟಿತು ಎನ್ನಿ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಕೆಲವು ಗಂಟೆ ಓಡಿದ ಮೇಲೆ ಎಂಜಿನ್ ತನ್ನ ಎಳೆತದ ನಾಲ್ಕನೇ ಒಂದು ಪಾಲು ಕಡಿದುಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಗಂಟೆಗೆ 20 ಕಿಲೋಮೀಟರ್, ಅದರ ಮೇಲೆ ಒಂದು ಗೇಣೂ ಹೋಗುವುದಿಲ್ಲ. ಇದು ದೋಷವಲ್ಲ, ನಿಯಮದಲ್ಲೇ ಬರೆದಿಟ್ಟ ಶಿಕ್ಷೆ. ಥರ್ಮಾಮೀಟರ್ ಒಡೆಯಿತೆಂದು ರೋಗಿಯ ಕಾಲು ಕಟ್ಟಿದ ಹಾಗೆ. ನಮ್ಮ ಮುದ್ದೇಬಿಹಾಳದ ಚಾಲಕನೊಬ್ಬ ಫೋನಿನಲ್ಲಿ ಅಂದದ್ದು ಹೀಗೆ: ‘ಸಾವ್ಕಾರ್ರ, ಡೀಸಲ್ ಐತಿ, ಯೂರಿಯಾ ಐತಿ, ಎಂಜಿನ್ ಗಟ್ಟಿ ಐತಿ. ಗಾಡಿ ಮಾತ್ರ ಏಳವಲ್ದು.’ ಮುದ್ದೇಬಿಹಾಳದಿಂದ ವಿಜಯಪುರ ಸುಮಾರು 80 ಕಿಲೋಮೀಟರ್. ಲೆಕ್ಕ ಹಾಕಿರಿ, ನಾಲ್ಕು ತಾಸು. ಹಿಂದೆ ಇಂಡಿಯ ಲಿಂಬೆ ತುಂಬಿದ್ದರೆ ಅದು ದಿಲ್ಲಿ ಮಾರುಕಟ್ಟೆಗೆ ಮುಟ್ಟುವ ಹೊತ್ತಿಗೆ ಹಳದಿಯ ಬದಲು ಕಪ್ಪು.

ಹೊಸ ಸೆನ್ಸರ್ ಕೊಂಡು ತಂದರೂ ಮುಗಿಯುವುದಿಲ್ಲ. ಹತ್ತಾರು ಸಾವಿರ ಕೊಟ್ಟು ತಂದದ್ದನ್ನು ಗಾಡಿ ಒಪ್ಪಬೇಕಾದರೆ ಕಂಪನಿಯ ಲ್ಯಾಪ್‌ಟಾಪ್ ಜೋಡಿಸಿ ತಪ್ಪಿನ ಕೋಡ್ ಅಳಿಸಬೇಕು. ಆ ಪಾಸ್‌ವರ್ಡ್ ಇರುವುದು ಅಧಿಕೃತ ವರ್ಕ್‌ಶಾಪಿನಲ್ಲಿ. ಅಲ್ಲಿ ‘ಹುಡುಗ ರಜಾದ ಮ್ಯಾಲ ಹೋಗ್ಯಾನ್ರಿ’ ಎಂಬ ಉತ್ತರ. ಕಂತು ಮಾತ್ರ ರಜೆ ಹಾಕುವುದಿಲ್ಲ. ನನ್ನ ಗಾಡಿಯನ್ನೇ ಒಂದು ವರ್ಕ್‌ಶಾಪಿನವರು ಮೊದಲು ಸೆನ್ಸರ್, ಆಮೇಲೆ ಪಂಪು, ಆಮೇಲೆ ವೈರಿಂಗ್ ಎಂದು ಒಂದೊಂದಾಗಿ ಬದಲಿಸಿ ಬಿಲ್ಲು ಮಾಡಿದರು. ದೋಷ ಇದ್ದದ್ದು ಇಲಿ ಕಡಿದ ಒಂದು ತಂತಿಯಲ್ಲಿ. ಅದನ್ನು ಕಂಡುಹಿಡಿದವನು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿರುವ ನಮ್ಮ ಮಿಸ್ತ್ರಿ, ಟೆಸ್ಟರ್ ಒಂದನ್ನೇ ಹಿಡಿದುಕೊಂಡು.

ಕಾನೂನು ಏನು ಹೇಳುತ್ತದೆ ನೋಡಿ. 16 ಟನ್ ಮೀರಿದ ಲಾರಿಯ ಹೊಗೆ ನಿಯಂತ್ರಣ ಏರ್ಪಾಡು 7 ಲಕ್ಷ ಕಿಲೋಮೀಟರ್ ಅಥವಾ 7 ವರ್ಷ ಬಾಳುತ್ತದೆಂದು ಕಂಪನಿ ಅನುಮೋದನೆ ಪಡೆಯುವಾಗ ತೋರಿಸಿಕೊಡಬೇಕು. ಸರ್ಕಾರದ ಮುಂದೆ ಏಳು ಲಕ್ಷ ಎಂದವರು ನಮ್ಮ ಕೈಗೆ ಕೊಡುವ ವಾರಂಟಿ ಪುಸ್ತಕದಲ್ಲಿ ಸೆನ್ಸರಿನ ಸಾಲನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. 2014ರ ಆಗಸ್ಟ್ 25ರಂದು ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮತ್ತು ದೋಷ ಪತ್ತೆ ಉಪಕರಣಗಳನ್ನು ಹೊರಗಿನ ಮಿಸ್ತ್ರಿಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದೇ ಆರೋಪ. ಕಾರಿನವರಿಗಾಗಿ ಆದ ಆ ಮಾತು ಲಾರಿಯವರಿಗೆ ಏಕಿಲ್ಲ? 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಪೋರ್ಟಲ್ ಸೆನ್ಸರ್ ಕೋಡ್ ಅಳಿಸುವುದಿಲ್ಲ.

ಈಗ ಯಾರಿಗೂ ಹಿಡಿಸದ ವಿಷಯ. ಬೈಪಾಸ್. ಸೆನ್ಸರನ್ನು ಕಿತ್ತು, ಚಿಕ್ಕದೊಂದು ಡಬ್ಬಿ ಕೂರಿಸಿ, ಎಲ್ಲ ಸರಿಯಿದೆ ಎಂದು ಎಂಜಿನ್ನಿಗೆ ಸುಳ್ಳು ಹೇಳಿಸುವ ವ್ಯವಹಾರ. ಇದನ್ನು ಸಂಘ ಖಂಡಿಸಬೇಕು ಎಂದು ಹಿಂದಿನ ಮಹಾಸಭೆಯಲ್ಲಿ ನಾನು ಎದ್ದು ನಿಂತಾಗ ಅರ್ಧ ಸಭೆ ಕೂಗಿ ಕೂರಿಸಿತು, ಕೆಲವರು ಊಟ ಬಿಟ್ಟು ಹೋದರು. ಅವರಲ್ಲಿ ಇಬ್ಬರು ಇವತ್ತು ವೇದಿಕೆಯ ಮೇಲಿದ್ದಾರೆ, ಸಂತೋಷ. ಅನುಮತಿ ಇಲ್ಲದೆ ವಾಹನ ಮಾರ್ಪಡಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಮಾಲಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಡಬ್ಬಿ ಮಾರಿದವನು ಆಗ ಫೋನ್ ಎತ್ತುವುದಿಲ್ಲ.

ಆದರೆ ಬೈಪಾಸ್ ಮಾಡಿದವನು ಸಿಕ್ಕಿಬೀಳುತ್ತಾನೆಯೆ? ಇಲ್ಲಿ ಬಂದಿರುವ ಸಾರಿಗೆ ಇಲಾಖೆಯ ಅಧಿಕಾರಿಗಳು ಗಮನಿಸಬೇಕು. ಪಿಯುಸಿ ಕೇಂದ್ರದಲ್ಲಿ ಡೀಸೆಲ್ ಗಾಡಿಗೆ ಮಾಡುವುದು ಹೊಗೆಯ ದಟ್ಟಣೆಯ ಪರೀಕ್ಷೆ. ನೈಟ್ರೋಜನ್ ಆಕ್ಸೈಡ್ ಅದರಲ್ಲಿ ಅಳತೆಗೆ ಬರುವುದೇ ಇಲ್ಲ. ಯೂರಿಯಾ ಬಂದ್ ಮಾಡಿದ ಗಾಡಿ ಸರ್ಟಿಫಿಕೇಟ್ ತೆಗೆದುಕೊಂಡು ಎಂಬತ್ತರ ವೇಗದಲ್ಲಿ ಹೋಗುತ್ತದೆ. ಎಲ್ಲ ನಿಯಮ ಪಾಲಿಸಿ ಬರೀ ಸೆನ್ಸರ್ ಕೆಟ್ಟ ಗಾಡಿ ಇಪ್ಪತ್ತರಲ್ಲಿ ತೆವಳುತ್ತದೆ. ಪ್ರಾಮಾಣಿಕನಿಗೆ ದಂಡ ಹಾಕುವ ಯಂತ್ರವನ್ನು ನಾವೇ ಕಂತು ಕಟ್ಟಿ ಕೊಂಡಿದ್ದೇವೆ.

ಯೂರಿಯಾದ್ದು ಇನ್ನೊಂದು ಕಥೆ. ಗಾಡಿಗೆ ಹಾಕುವುದು ಶೇ 32.5 ಶುದ್ಧ ಯೂರಿಯಾ ಮತ್ತು ಲವಣ ತೆಗೆದ ನೀರು. ರೈತನ ಚೀಲದ ಯೂರಿಯಾಕ್ಕೆ 2015ರಿಂದ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಅದನ್ನೇ ಬೋರ್‌ವೆಲ್ ನೀರಿನಲ್ಲಿ ಕಲಸಿ ಕ್ಯಾನಿಗೆ ತುಂಬಿ ಅಗ್ಗಕ್ಕೆ ಮಾರುವವರಿದ್ದಾರೆ. 2025ರ ಮುಂಗಾರಿನಲ್ಲಿ ಗೊಬ್ಬರದ ಅಂಗಡಿ ಮುಂದೆ ರೈತರ ಸಾಲು ಕಂಡೆವು. ಅವರ ಚೀಲ ಕದ್ದು ನಮ್ಮ ನಳಿಗೆ ಕಟ್ಟಿಸುವವರ ಹತ್ತಿರ ಯಾವ ಮಾಲಕನೂ ಕೊಳ್ಳಬಾರದು. ಲೀಟರಿಗೆ ಉಳಿಸುವ ಹತ್ತು ರೂಪಾಯಿ ಒಂದು ಪಂಪಿನ ಬೆಲೆಗೆ ಸಮವಲ್ಲ.

ಹಾಗಾದರೆ ಏನು ಕೇಳೋಣ? ಅಮೆರಿಕದಲ್ಲಿ 2025ರ ಆಗಸ್ಟ್‌ನಲ್ಲಿ ಅಲ್ಲಿನ ಪರಿಸರ ಸಂಸ್ಥೆ ಒಂದು ಮಾರ್ಗಸೂಚಿ ಕೊಟ್ಟಿತು. ದೀಪ ಹತ್ತಿದ ಮೇಲೆ ದೊಡ್ಡ ಲಾರಿ ಸುಮಾರು 1,000 ಕಿಲೋಮೀಟರ್ ಏನೂ ಕಡಿತವಿಲ್ಲದೆ ಓಡಬಹುದು, ವೇಗಕ್ಕೆ ಕಟ್ಟು ಬೀಳುವುದು ವಾರಗಳ ನಂತರ. ನಮಗೂ ಅಷ್ಟು ಗಡುವು ಕೊಡಿ, ಮನೆ ಮುಟ್ಟಿ ರಿಪೇರಿ ಮಾಡಿಸುತ್ತೇವೆ. ಸೆನ್ಸರ್, ಯೂರಿಯಾ ಪಂಪು, ಜಾಲರಿ ಮೂರಕ್ಕೂ ಆ ಏಳು ವರ್ಷದ ವಾರಂಟಿಯನ್ನು ಪುಸ್ತಕದಲ್ಲಿ ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಲಿ. ಪಿಯುಸಿ ಕೇಂದ್ರದಲ್ಲಿ ಬಿಎಸ್-6 ಗಾಡಿಯ ತಪ್ಪಿನ ಕೋಡ್ ತೋರಿಸುವ ಒಬಿಡಿ ಪೋರ್ಟ್ ಓದಲಿ, ಕ್ಯಾಲಿಫೋರ್ನಿಯಾದಲ್ಲಿ ಓದುವ ಹಾಗೆ. ಬೈಪಾಸಿನವರು ಹೆದರುತ್ತಾರೆ ಎನ್ನುತ್ತೀರಾ? ಹೆದರಲಿ. ನಾಲ್ಕೂ ತಾಲ್ಲೂಕಿನ ಐಟಿಐಗಳಲ್ಲಿ ನಮ್ಮ ಮಿಸ್ತ್ರಿಗಳಿಗೆ ತರಬೇತಿ, ಪಾಸ್‌ವರ್ಡ್ ಸಹಿತ ಉಪಕರಣ. ಕೂಡಗಿಯಲ್ಲಿ 2,400 ಮೆಗಾವಾಟ್ ವಿದ್ಯುತ್ ಸ್ಥಾವರ ಕಟ್ಟಿಸಿಕೊಂಡ ಜಿಲ್ಲೆಗೆ ನಾಲ್ಕು ಲ್ಯಾಪ್‌ಟಾಪ್ ತರುವುದು ಕಷ್ಟವಲ್ಲ. ಮುಂದೊಂದು ದಿನ ಆಲಮಟ್ಟಿಯಿಂದ ಮಂಗಳೂರಿಗೆ ವಿದ್ಯುತ್ ಲಾರಿ ಓಡಿ ಈ ಸೈಲೆನ್ಸರೇ ಮಾಯವಾಗಲಿ ಎಂಬ ಆಸೆಯೂ ನನಗಿದೆ, ನಗಬೇಡಿ.

ಬಿಎಸ್-4 ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಹೊರಗಿನ ನೋಂದಣಿಯ ಬಿಎಸ್-4 ಸರಕು ಗಾಡಿಗಳಿಗೆ ದಿಲ್ಲಿ ಪ್ರವೇಶ 2026ರ ಅಕ್ಟೋಬರ್ 31ರವರೆಗೆ ಎಂದು ನಿಗದಿಯಾಗಿದೆ. ಲಿಂಬೆ, ದ್ರಾಕ್ಷಿಯ ಬಾಡಿಗೆ ಹಿಡಿಯುವವರು ಹಂಗಾಮಿಗೆ ಮುಂಚೆಯೇ ಲೆಕ್ಕ ಮಾಡಿಕೊಳ್ಳಿ.

ಮೊದಲ ಗೊತ್ತುವಳಿ ವಾರಂಟಿಯದು, ಸಿಂದಗಿಯವರು ಮಂಡಿಸುತ್ತಾರೆ. ಎರಡನೆಯದು ಬೈಪಾಸ್ ಖಂಡನೆ. ಅದನ್ನು ನಾನೇ ಮಂಡಿಸುತ್ತೇನೆ, ಕೈ ಎತ್ತಿ ಮತ ಹಾಕಬೇಕು, ಊಟ ಅದಾದ ಮೇಲೆ.