ಬಾಲ ಕತ್ತರಿಸಿದರೂ ಒಡೆಯದ ಸಂಖ್ಯೆ

73939133. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಒಮ್ಮೆ ಜೋರಾಗಿ ಓದಿ ನೋಡಿ, ಕೇಳಲು ಎಷ್ಟು ಚೆನ್ನ! ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲವೆಂದು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದ್ದ. ಹಾಗಿರುವಾಗ ಇದರಲ್ಲೇನು ವಿಶೇಷ?

ಕೊನೆಯ ಅಂಕಿಯನ್ನು ಅಳಿಸಿ. ಉಳಿದ 7393913 ಕೂಡ ಅವಿಭಾಜ್ಯ! ಅಳಿಸುತ್ತಲೇ ಹೋಗಿ: 739391, 73939, 7393, 739, 73, 7. ಎಲ್ಲವೂ ಅವಿಭಾಜ್ಯ.

ನನ್ನ ಮಾತು ನಂಬಬೇಡಿ, 739ನ್ನು ನೀವೇ ಪರೀಕ್ಷಿಸಿ. 28ನ್ನು 28ರಿಂದ ಗುಣಿಸಿದರೆ 784, ಅದು 739ನ್ನು ದಾಟಿತು. ಆದ್ದರಿಂದ 739 ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಒಂದಾದರೂ 28ಕ್ಕಿಂತ ಚಿಕ್ಕದಿರಲೇಬೇಕು. 2, 3, 5, 7, 11, 13, 17, 19, 23 ಇಷ್ಟರಿಂದ ಭಾಗಿಸಿ ನೋಡಿದರೆ ಸಾಕು. 7ಕ್ಕೆ ಶೇಷ 4, 11ಕ್ಕೆ 2, 23ಕ್ಕೆ 3. ಯಾವುದಕ್ಕೂ ಶೇಷ ಸೊನ್ನೆಯಾಗದು. ಪೂರ್ತಿ ಎಂಟಂಕಿಯ ಸಂಖ್ಯೆಗಾದರೆ 8598ರವರೆಗಿನ ಅವಿಭಾಜ್ಯಗಳನ್ನೆಲ್ಲ ಹೀಗೆ ನೋಡಬೇಕು; ಆ ಕೆಲಸ ಕಂಪ್ಯೂಟರಿಗಿರಲಿ.

ಈಗ ಅಂಕಿಗಳನ್ನು ಗಮನಿಸಿ. ಮೊದಲ 7ರ ನಂತರ ಇರುವುದೆಲ್ಲ 3, 9 ಮತ್ತು ಒಂದೇ ಒಂದು 1. ಇದು ಆಕಸ್ಮಿಕವಲ್ಲ, ನನಗೆ ತುಂಬ ಇಷ್ಟವಾದದ್ದೂ ಇದೇ. ಅಳಿಸುತ್ತ ಹೋದಂತೆ ಪ್ರತಿ ಅಂಕಿಯೂ ಒಮ್ಮೆ ಕೊನೆಗೆ ಬರುತ್ತದೆ; ಅಲ್ಲಿ ಸಮ ಅಂಕಿ ಬಂದರೆ 2ರಿಂದ, 5 ಬಂದರೆ 5ರಿಂದ ಸಂಖ್ಯೆ ಭಾಗವಾಗಿಬಿಡುತ್ತದೆ. ಹಾಗಾಗಿ ಉಳಿಯುವುದು 1, 3, 7, 9 ಮಾತ್ರ. ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆಂದು ನಿಮಗೆ ಗೊತ್ತು. 7ನ್ನು 3ರಿಂದ ಭಾಗಿಸಿದರೆ ಶೇಷ 1. ಮುಂದೆ 3 ಅಥವಾ 9 ಬರೆದರೆ ಮೊತ್ತದ ಶೇಷ ಬದಲಾಗದು. 1 ಅಥವಾ 7 ಬರೆದರೆ ಶೇಷ 2 ಆಗುತ್ತದೆ. ಅವುಗಳಲ್ಲಿ ಒಂದನ್ನು ಮತ್ತೆ ಬರೆದಿರೋ, ಶೇಷ ಸೊನ್ನೆ, ಆಟ ಮುಗಿಯಿತು!

ನಮ್ಮ ಸಂಖ್ಯೆ ಆ ಒಂದು ಅವಕಾಶವನ್ನು ಆಗಲೇ ಬಳಸಿಕೊಂಡಿದೆ. ಒಂಬತ್ತನೆಯ ಅಂಕಿಯಾಗಿ 3 ಅಥವಾ 9 ಮಾತ್ರ ಬರಬಹುದು. ಆದರೆ 739391333 ಅವಿಭಾಜ್ಯವಲ್ಲ, 739391339 ಕೂಡ ಅಲ್ಲ. ಬಲತುದಿಯಿಂದ ಒಂದೊಂದೇ ಅಂಕಿ ಅಳಿಸಿದರೂ ಹೀಗೆ ಅವಿಭಾಜ್ಯವಾಗಿಯೇ ಉಳಿಯುವ ಸಂಖ್ಯೆಗಳು ಒಟ್ಟು 83 ಮಾತ್ರ. ಎಲ್ಲಕ್ಕಿಂತ ದೊಡ್ಡದು ನಮ್ಮ 73939133.

ನೀವು 5ರಿಂದ ಶುರುಮಾಡಿ. ಅಲ್ಲಿ ಶೇಷ ಮೊದಲೇ 2, ಆದ್ದರಿಂದ 3 ಮತ್ತು 9 ಬಿಟ್ಟು ಬೇರೇನೂ ಬರೆಯುವಂತಿಲ್ಲ. 53ರ ದಾರಿ ಬೇಗ ಮುಚ್ಚುತ್ತದೆ: 533 ಎಂದರೆ 13×41, 539 ಎಂದರೆ 7×77. 59ರ ದಾರಿಯಲ್ಲಿ 593, 599 ಎರಡೂ ಅವಿಭಾಜ್ಯ. ಅವುಗಳಲ್ಲೊಂದು ಎಂಟು ಅಂಕಿಗಳವರೆಗೂ ಹೋಗುತ್ತದೆ. ಯಾವುದೆಂದು ಹುಡುಕುತ್ತೀರಾ?