‘ಶಿಕ್ಷೆ’ ಎಂಬ ಒಂದು ಶಬ್ದ
(ಶತಮಾನೋತ್ಸವ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ‘ಶಿಕ್ಷೆ’ಯ ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಉಟಗಿಯಂತಹ ಗಡಿಯೂರಿನ ಮಗುವಿಗೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ, ಕಚೇರಿ-ಪೇಟೆಗಳಲ್ಲಿ ಮರಾಠಿ, ಮೇಲಿನ ತರಗತಿಗಳಲ್ಲಿ ಹಿಂದಿ ಎದುರಾಗುತ್ತವೆ. ಈ ಮೂರೂ ಭಾಷೆಗಳಲ್ಲಿ ಇದ್ದು, ಮೂರರಲ್ಲಿಯೂ ಒಂದೇ ಅರ್ಥ ಕೊಡದ ಶಬ್ದವಿದು. ಆದ್ದರಿಂದಲೇ ಇದನ್ನು ಆರಿಸಿಕೊಂಡಿದ್ದೇವೆ.

ಕನ್ನಡದಲ್ಲಿ ‘ಶಿಕ್ಷಣ’ವೆಂದರೆ ವಿದ್ಯೆ, ‘ಶಿಕ್ಷೆ’ಯೆಂದರೆ ದಂಡನೆ. ‘ಶಿಕ್ಷಕ’ನು ಕಲಿಸುವವನು, ಆದರೆ ‘ಶಿಕ್ಷಿಸು’ ಎಂದರೆ ಕಲಿಸು ಎಂದಲ್ಲ, ದಂಡಿಸು ಎಂದರ್ಥ. ‘ಸುಶಿಕ್ಷಿತ’ನನ್ನು ಗೌರವಿಸುತ್ತೇವೆ, ‘ಶಿಕ್ಷಾರ್ಹ’ನನ್ನು ಠಾಣೆಗೆ ಒಯ್ಯುತ್ತೇವೆ. ಮರಾಠಿಯಲ್ಲಿಯೂ ಹೀಗೆಯೇ: ‘ಶಿಕ್ಷಣ’ ವಿದ್ಯೆ, ‘ಶಿಕ್ಷಾ’ ದಂಡನೆ. ತೆಲುಗು, ಮಲಯಾಳಂಗಳಲ್ಲಿಯೂ ‘ಶಿಕ್ಷ’ ಎಂದರೆ ದಂಡನೆಯೇ. ಹಿಂದಿಗೆ ಬಂದರೆ ಅರ್ಥ ತಿರುಗುತ್ತದೆ. ಅಲ್ಲಿ ‘ಶಿಕ್ಷಾ’ ಎಂದರೆ ವಿದ್ಯಾಭ್ಯಾಸ; ಬಂಗಾಳಿಯಲ್ಲಿಯೂ ಹಾಗೆಯೇ. ದಂಡನೆಗೆ ಹಿಂದಿಯವರು ‘ದಂಡ’ ಎನ್ನುತ್ತಾರೆ, ಇಲ್ಲವೇ ಪಾರಸಿಯಿಂದ ಬಂದ ‘ಸಜಾ’ ಎನ್ನುತ್ತಾರೆ. ನಮ್ಮಲ್ಲಿ ‘ದಂಡ’ವು ಬಹುಮಟ್ಟಿಗೆ ಹಣ ತೆರುವ ಮಾತಾಗಿದೆ, ‘ಸಜೆ’ಯು ಸೆರೆಮನೆಯ ಮಾತಾಗಿದೆ.

ಹಿಂದಿಯ ವೇಳಾಪಟ್ಟಿಯಲ್ಲಿ ‘ಶಾರೀರಿಕ ಶಿಕ್ಷಾ’ ಎಂದು ಬರೆದಿದ್ದರೆ ಮಕ್ಕಳು ಮೈದಾನಕ್ಕೆ ಓಡಬೇಕು. ಅದು ಆಟ-ವ್ಯಾಯಾಮದ ತಾಸು. ಅದೇ ಎರಡು ಶಬ್ದಗಳನ್ನು ಮರಾಠಿಯಲ್ಲಿ ಬರೆದರೆ ಮೈಮೇಲೆ ಬೀಳುವ ಏಟು! ಲಿಪಿ ಒಂದೇ, ಅಕ್ಷರಗಳೂ ಅವೇ. ಕನ್ನಡವು ‘ದೈಹಿಕ ಶಿಕ್ಷಣ’, ‘ದೈಹಿಕ ಶಿಕ್ಷೆ’ ಎಂದು ಒಂದು ಅಕ್ಷರದ ಅಂತರವನ್ನಾದರೂ ಇಟ್ಟಿದೆ.

ಹಾಗಾದರೆ ಮೂಲದ ಅರ್ಥವೇನು? ಸಂಸ್ಕೃತದ ‘ಶಕ್’ ಎಂಬ ಧಾತುವಿಗೆ ಸಮರ್ಥನಾಗು ಎಂದರ್ಥ. ‘ಶಕ್ತಿ’, ‘ಶಕ್ಯ’ ಎಂಬ ಶಬ್ದಗಳು ಅದರಿಂದಲೇ ಬಂದವು. ಅದೇ ಧಾತುವಿನ ಇಚ್ಛಾರ್ಥಕ ರೂಪ ‘ಶಿಕ್ಷ್’: ಸಮರ್ಥನಾಗಬೇಕೆಂದು ಬಯಸು. ಅಂದರೆ ಶಿಕ್ಷೆಯು ಶಕ್ತಿಯ ಒಡಹುಟ್ಟು. ವೇದದ ಆರು ಅಂಗಗಳಲ್ಲಿ ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರಕ್ಕೆ ‘ಶಿಕ್ಷಾ’ ಎಂದೇ ಹೆಸರು. ತೈತ್ತಿರೀಯ ಉಪನಿಷತ್ತಿನ ಮೊದಲ ಅಧ್ಯಾಯ ‘ಶೀಕ್ಷಾವಲ್ಲಿ’. ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಗುರುವು ಹೇಳುವ ಹಿತೋಪದೇಶ ಅಲ್ಲಿದೆ. ಪಾಲಿ ಭಾಷೆಯಲ್ಲಿ ಇದು ‘ಸಿಕ್ಖಾ’ ಆಯಿತು. ಬೌದ್ಧರು ಶೀಲ, ಸಮಾಧಿ, ಪ್ರಜ್ಞೆಗಳನ್ನು ಮೂರು ಸಿಕ್ಖಾಗಳೆಂದು ಕರೆದರು. ಮರಾಠಿಯ ‘ಶಿಕಣೆ’, ಹಿಂದಿಯ ‘ಸೀಖನಾ’ ಇದೇ ಬಳ್ಳಿಯ ಕುಡಿಗಳು. ಕನ್ನಡದ ‘ಕಲಿ’ಯ ಬೇರು ಬೇರೆ, ಅದು ತಮಿಳಿನ ‘ಕಲ್ವಿ’ಯ ಬಳಗಕ್ಕೆ ಸೇರಿದ ದ್ರಾವಿಡ ಶಬ್ದ.

ಬಯಕೆಯಾಗಿದ್ದುದು ದಂಡನೆಯಾದದ್ದು ಹೇಗೆ? ನಮ್ಮ ದಿನದ ಮಾತನ್ನೇ ಗಮನಿಸೋಣ. ಸಿಟ್ಟು ಬಂದಾಗ ‘ತಡಿ, ನಿನಗ ಬುದ್ಧಿ ಕಲಸ್ತೀನಿ’ ಎನ್ನುತ್ತೇವೆ. ಮರಾಠಿಯವರು ‘ಧಡಾ ಶಿಕವಣೆ’ ಎನ್ನುತ್ತಾರೆ, ಹಿಂದಿಯವರು ‘ಸಬಕ್ ಸಿಖಾನಾ’ ಎನ್ನುತ್ತಾರೆ. ಮೂರರಲ್ಲಿಯೂ ಕಲಿಸುವ ಮಾತೇ ಬೆದರಿಕೆಯಾಗಿದೆ. ಕಲಿಸುವುದು ತಿದ್ದುವುದಾಗಿ, ತಿದ್ದುವುದು ನೋಯಿಸುವುದಾಗಿ ಅರ್ಥವು ಜಾರಿತು. ಇದು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಲ್ಯಾಟಿನ್ನಿನಲ್ಲಿ ಬೋಧನೆ ಎಂಬ ಅರ್ಥವಿದ್ದ ಶಬ್ದದಿಂದ ಬಂದ ಇಂಗ್ಲಿಷಿನ ‘ಡಿಸಿಪ್ಲಿನ್’ ಕೂಡ ದಂಡನೆಯ ಅರ್ಥವನ್ನು ಪಡೆಯಿತು. ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂದು ನಂಬಿದ ಕಾಲ ಎಲ್ಲೆಡೆಯೂ ಇತ್ತು. ಆ ನಂಬಿಕೆಯ ಗುರುತು ಶಬ್ದಕೋಶದಲ್ಲಿ ಉಳಿದಿದೆ.

ಕಾನೂನು ಈಗ ಇವೆರಡನ್ನೂ ಬೇರ್ಪಡಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಬೆತ್ತವಿಲ್ಲದೆಯೂ ಕಲಿಕೆಯು ಶಿಕ್ಷೆಯಾಗಬಲ್ಲದು. ‘ಮಹಾರಾಷ್ಟ್ರದಲ್ಲಿದ್ದು ಕನ್ನಡ ಶಾಲೆಗೆ ಕಳಿಸಿದರೆ ಮಗುವಿಗೆ ಶಿಕ್ಷೆಯಲ್ಲವೇ? ಅಷ್ಟೊಂದು ಭಾಷೆಗಳ ಭಾರ ಏಕೆ?’ ಎಂದು ಕೇಳುವ ಪಾಲಕರು ನಮ್ಮ ನಡುವೆಯೇ ಇದ್ದಾರೆ. ಅವರ ಚಿಂತೆ ಹುರುಳಿಲ್ಲದ್ದಲ್ಲ. ನೌಕರಿ, ಅರ್ಜಿ, ಮುಂದಿನ ಓದು ಎಲ್ಲವೂ ಬೇರೆ ಭಾಷೆಗಳಲ್ಲಿವೆ.

ಅವರ ಮುಂದೆ ಒಂದು ನಿದರ್ಶನವನ್ನು ಇಡಬಯಸುತ್ತೇವೆ. ನಮ್ಮದೇ ಜತ್ತ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರು, 1886ರಲ್ಲಿ ಜಮಖಂಡಿಯಲ್ಲಿ ಜನಿಸಿದ ಗುರುದೇವ ರಾನಡೆಯವರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಗಳೂ ಆಗಿದ್ದ ಅವರು ಮರಾಠಿ ಸಂತರನ್ನು ಕುರಿತು, ಹಿಂದಿ ಸಂತರನ್ನು ಕುರಿತು, ಕನ್ನಡದ ಶರಣ-ದಾಸರನ್ನು ಕುರಿತು ಬೇರೆ ಬೇರೆ ಗ್ರಂಥಗಳನ್ನು ರಚಿಸಿದರು. ಅವನ್ನು ಬರೆದದ್ದು ಇಂಗ್ಲಿಷಿನಲ್ಲಿ. ಇಂದು ನಮ್ಮ ಮಗುವಿನ ಚೀಲದಲ್ಲಿರುವ ಭಾಷೆಗಳೂ ಇವೇ ನಾಲ್ಕು. ಅವರಿಗೆ ಇವು ಭಾರವಾಗಲಿಲ್ಲ, ಬಲವಾದವು. ಎಲ್ಲ ಮಕ್ಕಳೂ ರಾನಡೆಯವರಾಗಬೇಕಿಲ್ಲ. ಆದರೆ ಒಂದು ಭಾಷೆ ಗಟ್ಟಿಯಾದ ಮಗು ಉಳಿದವನ್ನು ಅದರ ಆಸರೆಯಲ್ಲಿ ಕಲಿಯುತ್ತದೆ. ಆ ಗಟ್ಟಿತನವನ್ನು ಮನೆಯ ಮಾತಿನಲ್ಲಿ ಕೊಡುವುದೇ ಈ ಶಾಲೆಯ ಕೆಲಸ.

ಆದ್ದರಿಂದ ಗುರುಗಳಲ್ಲಿಯೂ ಪಾಲಕರಲ್ಲಿಯೂ ನಮ್ಮದೊಂದು ವಿನಂತಿ. ಸಂಜೆ ಮನೆಗೆ ಬಂದ ಮಗುವನ್ನು ‘ಎಷ್ಟು ಅಂಕ ಬಂತು?’ ಎಂದು ಕೇಳುವ ಮೊದಲು ‘ಇಂದು ನಿನಗೆ ಏನು ಹೊಸದಾಗಿ ಮಾಡಲು ಬಂತು?’ ಎಂದು ಕೇಳಿರಿ. ಮೂಲದಲ್ಲಿ ‘ಶಿಕ್ಷ್’ ಎಂಬ ಧಾತು ಕೇಳುತ್ತಿದ್ದುದೂ ಇದನ್ನೇ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ಶಾಲೆಯಲ್ಲಿ ಆ ಹಳೆಯ ಅರ್ಥವೇ ಬಳಕೆಯಲ್ಲಿರಲಿ ಎಂದು ಹಾರೈಸುತ್ತೇವೆ.