ತುದಿಗಾಲಿನ ನಡಿಗೆ



ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಾಲಯದ ಅಂಗಳದಲ್ಲಿ ಕಾಲು ತೊಳೆದು ಓಡುವ ಮಕ್ಕಳ ಒದ್ದೆ ಹೆಜ್ಜೆಗಳನ್ನು ಗಮನಿಸಿರಿ. ಕೆಲವು ಹೆಜ್ಜೆಗಳಲ್ಲಿ ಹಿಮ್ಮಡಿಯ ಗುರುತೇ ಇರುವುದಿಲ್ಲ. ಹಿರಿಯರು ಅದನ್ನು ಚೇಷ್ಟೆಯೆಂದು ಗದರಿಸುವುದುಂಟು.

ನಡೆಯಲು ಕಲಿಯುವ ಕಾಲದಲ್ಲಿ ತುದಿಗಾಲಿನ ನಡಿಗೆ ಸಾಮಾನ್ಯವಾದುದು. ಬಹುಮಟ್ಟಿಗೆ ತಾನಾಗಿ ಬಿಟ್ಟುಹೋಗುವುದು. ಆದರೆ 3 ವರ್ಷ ಕಳೆದರೂ ಉಳಿದರೆ, ಒಂದೇ ಕಾಲಿನಲ್ಲಿ ಕಂಡರೆ, ಅಥವಾ ಮೊದಲು ಸರಿಯಾಗಿ ನಡೆಯುತ್ತಿದ್ದ ಮಗುವಿಗೆ ಆಮೇಲೆ ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಿದುಳಿನ ಇಲ್ಲವೆ ಸ್ನಾಯುಗಳ ವ್ಯಾಧಿಗೆ ಅದು ಸೂಚನೆಯಾಗಿರಬಹುದು. ನಮ್ಮ ವೆನ್‌ಲಾಕ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿದೆ, ಸಂಕೋಚ ಬೇಡ.

ಅಂಥ ವ್ಯಾಧಿಯಿಲ್ಲವೆಂದಾದರೆ ಶಸ್ತ್ರಕ್ಕೆ ಅವಸರವಿಲ್ಲ. ವೈದ್ಯರು ತೋರಿಸಿಕೊಟ್ಟಂತೆ, ಮಗುವಿನ ಮೊಣಕಾಲನ್ನು ನೇರವಾಗಿರಿಸಿ, ಪಾದವನ್ನು ನಿತ್ಯವೂ ಮೆಲ್ಲನೆ ಮೇಲಕ್ಕೆ ಬಾಗಿಸಿದರೆ ಬಿಗಿದ ಮೀನಖಂಡ ಸಡಿಲುವುದು. ಹಿಮ್ಮಡಿಯಲ್ಲಿ ನಡೆಯುವುದನ್ನು ಆಟವಾಗಿ ಕಲಿಸಬಹುದು. ಬಿಗಿತ ಹೆಚ್ಚಾಗಿದ್ದರೆ ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಕಟ್ಟಿ, 1–2 ವಾರಗಳಿಗೊಮ್ಮೆ ಬದಲಿಸುತ್ತ, ಪ್ರತಿಸಲವೂ ಪಾದವನ್ನು ತುಸು ಹೆಚ್ಚು ಬಾಗಿಸುವರು. ಬಳಿಕ ಕಾಲಿಗೆ ಆಧಾರಪಟ್ಟಿ ತೊಡಿಸುವರು. ಇಷ್ಟಕ್ಕೂ ಜಗ್ಗದ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆ.

ಕೆಲವು ಮಕ್ಕಳಲ್ಲಿ ಹಳೆಯ ಅಭ್ಯಾಸ ಮರಳುವುದೂ ಉಂಟು; ಆಗ ಮತ್ತೆ ಮೊದಲಿನಿಂದ ತೊಡಗಬೇಕು. ಗದರಿಕೆಯಿಂದ ಹಿಮ್ಮಡಿ ನೆಲ ಮುಟ್ಟದು. ತಾಳ್ಮೆಯ ಕೈಗಳಿಂದ ಮುಟ್ಟೀತು.